ತೊಟ್ಟಿಲಿಗೆ ಅಪ್ಪನ ಸಹಿ

ಆ ಬೀದಿಯಲ್ಲಿ ಅವಳ ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೆರೆಯಕ್ಕ ಎಲ್ಲಿ ಅನ್ನಿ, ಎಲ್ಲರೂ ಒಂದೇ ಬಾಗಿಲಿಗೆ ಕೈ ತೋರಿಸುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಮರದ ಮೇಲೆ ಸುಟ್ಟು ಕೆತ್ತುವ ಲೇಸರ್ ಮಷೀನು, ಕೂತರೆ ಕಿರ್ರೆನ್ನುವ ಕುರ್ಚಿ. ಜನ ತರುವುದು ಎಂಥೆಂಥದನ್ನು ಅಂತೀರಿ! ಹರಿದ ವಿಸಿಟಿಂಗ್ ಕಾರ್ಡು, ಹತ್ತು ಫೋನು ದಾಟಿ ಮಸುಕಾಗಿಹೋದ ಚಿತ್ರ. "ಅಕ್ಕಾ, ಇದನ್ನ ಬಾಗಿಲಷ್ಟು ದೊಡ್ಡದು ಮಾಡ್ಕೊಡಿ" ಅನ್ನುತ್ತಾರೆ, ರಬ್ಬರ್ ಎಳೆದಷ್ಟು ಸುಲಭ ಅನ್ನುವ ಹಾಗೆ. ಫೋಟೋ ಅಂದರೆ ಸಣ್ಣ ಸಣ್ಣ ಚೌಕಗಳ ರಾಶಿ. ಹಿಗ್ಗಿಸಿದಷ್ಟೂ ಚೌಕಗಳೇ ಎದ್ದು ಕಾಣುತ್ತವೆ, ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಅದಕ್ಕೇ ಅವಳು ಚಿತ್ರದ ಮೇಲೆ ಹೊಸದಾಗಿ ಗೆರೆ ಎಳೆಯುತ್ತಾಳೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಬೇಕಾದಂತೆ ಬಾಗುವ ಗೆರೆ. ಅದನ್ನು ಉಗುರಿನಷ್ಟು ಮಾಡಿ, ಗೋಡೆಯಷ್ಟು ಮಾಡಿ, ಅಂಚು ಒಡೆಯುವುದಿಲ್ಲ. ಕಂಪ್ಯೂಟರಿಗೆ ಬಿಟ್ಟರೆ ತಾನೇ ಮಾಡುತ್ತದೆ, ಇಲ್ಲ ಅಂತಲ್ಲ. ಆದರೆ ಕಲೆ, ಧೂಳು ಎಲ್ಲವನ್ನೂ ಗೆರೆಯೆಂದೇ ತಿಳಿದು ಇನ್ನೂರು ಚುಕ್ಕಿ ಸುರಿದುಬಿಡುತ್ತದೆ. ಅವಳು ಇಪ್ಪತ್ತರಲ್ಲಿ ಮುಗಿಸುತ್ತಾಳೆ. ಆ ಜಂಬ ಅವಳಿಗೆ ಇದೆ, ಇರಲಿ ಬಿಡಿ.

ಅವಳ ಅಪ್ಪ ಬಡಗಿ. ನಲವತ್ತು ವರ್ಷದಲ್ಲಿ ಅವರು ಮಾಡಿದ ಕುರ್ಚಿಯಾಗಲಿ ಮಂಚವಾಗಲಿ ಅಡಿಯಲ್ಲಿ ಸಹಿಯಿಲ್ಲದೆ ಹೊಸಿಲು ದಾಟಿದ್ದಿಲ್ಲ. ಕಳೆದ ತಿಂಗಳು ಬಸುರಿ ಕಿರಿಮಗಳಿಗೆ ಅಂತ ತೊಟ್ಟಿಲು ಮಾಡಿದರು. ಪಾಲಿಶ್ ಒಣಗಿತ್ತು, ಇನ್ನು ಸಹಿಯೊಂದು ಬಾಕಿ ಅನ್ನುವಾಗ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ತೊದಲುತ್ತಲಾದರೂ ಮರಳಿತು, ಕೈ ಮರಳಲಿಲ್ಲ.

"ಎಡಗೈಲೇ ಬರೀರಿ ಅಪ್ಪಾ, ಏನಾಗತ್ತೆ?" ಅಂದಳು ಗೆರೆಯಕ್ಕ.

ಒಂದು ಹಾಳೆಯ ಮೇಲೆ ಬರೆದು ನೋಡಿದರು, ಪೆನ್ಸಿಲನ್ನು ಮೂಲೆಗೆ ಎಸೆದರು. "ಇದು ನಂದಲ್ಲ. ನನ್ನ ಸಹಿ ಇಲ್ದೆ ತೊಟ್ಟಿಲು ಹೋಗಲ್ಲ" ಅಂದವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಎರಡು ದಿನ ಊಟವನ್ನು ಸರಿಯಾಗಿ ಮುಟ್ಟಲಿಲ್ಲ. ಭಾನುವಾರ ತಂಗಿಯ ಗಂಡ ತೊಟ್ಟಿಲು ಒಯ್ಯಲು ಬರುವವನಿದ್ದ. ಇವತ್ತು ಸಹಿ ಹೋಯಿತು ಅಂತ ಕೈಚೆಲ್ಲಿದವರು ನಾಳೆ ಇನ್ನೇನಕ್ಕೆ ಎದ್ದು ಕೂರುತ್ತಾರೆ?

"ನಿಮ್ಮ ಹಳೇ ಸಹಿ ಹುಡುಕಿ ಮಷೀನಲ್ಲಿ ಕೆತ್ತಿಸ್ತೀನಿ. ಅದಾದ್ರೆ ನಿಮ್ಮದೇ ತಾನೇ?"

ಅಪ್ಪ ಮುಖ ತಿರುಗಿಸಿದರು. "ನಂದೇ ಆಗಿರಬೇಕು."

ಅವಳು ಎಂದೂ ಬಗ್ಗಿ ನೋಡಿರದ ಕುರ್ಚಿಗಳಡಿಯ ಪೆನ್ಸಿಲ್ ಸಹಿಗಳು ಅಳಿಸಿಹೋಗಿದ್ದವು. ಅಮ್ಮ ಅಟ್ಟದಿಂದ ಒಂದು ಬಟ್ಟೆಚೀಲ ಇಳಿಸಿದಳು. "ನಿಮ್ಮಪ್ಪನ ಚೀಲ ಕಣೇ, ನಾನಂತೂ ಇದಕ್ಕೆ ಕೈ ಹಾಕಿದವಳಲ್ಲ." ಒಳಗೆ ಅಪ್ಪನ ಸಹಿಯಿದ್ದದ್ದು ಮೂರೇ ಕಾಗದ. ಗೆರೆಯಕ್ಕ ಕೂಸಾಗಿದ್ದಾಗ ತೆಗೆಸಿದ ಕೆಲಸದ ಲೈಸೆನ್ಸು, ಅದರ ಸಹಿ ನೀರು ಬಿದ್ದು ಹರಡಿತ್ತು. ತಂಗಿಯ ಮಾರ್ಕ್ಸ್ ಕಾರ್ಡು, ಅದರ ಸಹಿಯ ಮೇಲೇ ಶಾಲೆಯವರು ಸೀಲು ಗುದ್ದಿದ್ದರು. ಮೂರನೆಯದು ಅವಳದೇ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಅದರಲ್ಲಿ ನೀಲಿ ಶಾಯಿಯ ಸಹಿ ಅಚ್ಚುಕಟ್ಟಾಗಿ ಕೂತಿತ್ತು.

ಅವಳು ಕಾರ್ಡನ್ನು ತಟ್ಟನೆ ಮಗುಚಿಟ್ಟಳು. ಆ ಸಹಿ ಅಪ್ಪನದಲ್ಲ, ಅವಳು ಹಾಕಿದ ಕಳ್ಳಸಹಿ. ಗಣಿತದಲ್ಲಿ ಬಂದದ್ದನ್ನು ಮನೆಯಲ್ಲಿ ತೋರಿಸುವ ಧೈರ್ಯ ಸಾಲದೆ, ಹನ್ನೆರಡು ವರ್ಷದ ಹುಡುಗಿ ನೆನಪಿನಿಂದಲೇ ಅಪ್ಪನ ಸಹಿ ಬರೆದಿದ್ದಳು. ದೊಡ್ಡವರ ಸಹಿ ಅಂದಮೇಲೆ ಗತ್ತಿರಬೇಡವೇ ಅಂತ ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಸುತ್ತಿಸಿ, ಹೆಸರಿನ ಅಡಿಯಲ್ಲಿ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟಿದ್ದಳು. ಇಪ್ಪತ್ತಾರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಈಗ ಎದುರಿಗೇ ಕೂತಿದೆ. ಅಪ್ಪನ ಕೊನೆಯ ಕೆಲಸದ ಮೇಲೆ ಕಳ್ಳಸಹಿ ಕೆತ್ತುವುದೇ? ಛೇ!

ಉಳಿದೆರಡನ್ನೇ ಹೇಗಾದರೂ ತಿದ್ದೋಣ ಅಂತ ಮೂರನ್ನೂ ಸ್ಕ್ಯಾನ್ ಮಾಡಿದಳು. ಲೈಸೆನ್ಸಿನ ಸಹಿಯ ಮೇಲೆ ಗೆರೆ ಎಳೆದಳು. ಬಾಲ ನೆಟ್ಟಗೆ ಕೆಳಗಿಳಿದು ನಿಂತಿತು, ಸುತ್ತಿಲ್ಲ, ಚುಕ್ಕಿಯಿಲ್ಲ. ಆಮೇಲೆ ತಂಗಿಯ ಕಾರ್ಡಿನ ಸಹಿಯನ್ನು ಹಿಗ್ಗಿಸಿ, ಸೀಲಿನ ಕೆಂಪನ್ನು ಬದಿಗೆ ಸರಿಸಿ, ಶಾಯಿಯ ದಾರಿ ಹಿಡಿದು ಹೊರಟಳು. ಬಾಲ ಹಿಂದಕ್ಕೆ ಸುತ್ತಿತು. ಹೆಸರಿನ ಅಡಿಯಲ್ಲಿ ಹರಿಯಿತು. ಕೆಳಗೆ ಎರಡು ಚುಕ್ಕಿ.

ಅರೆ, ಇದೇನಿದು! ತನ್ನ ಕಾರ್ಡಿನ ಸಹಿಯನ್ನು ತಂದು ಅದರ ಮೇಲಿಟ್ಟಳು. ಗೆರೆಯ ಮೇಲೆ ಗೆರೆ ಕೂತಿತು. ತಂಗಿ ಅವಳಿಗಿಂತ ಐದು ವರ್ಷ ಚಿಕ್ಕವಳು, ಆ ಕಾರ್ಡು ಐದು ವರ್ಷ ಆಮೇಲಿನದು. ಅಂದರೆ ಅಪ್ಪ?

ಶನಿವಾರ ಮಧ್ಯಾಹ್ನ, ನೆಟ್ಟಗಿನ ಬಾಲದ್ದೊಂದು, ಸುತ್ತಿದ ಬಾಲದ್ದೊಂದು, ಎರಡು ಸಹಿಗಳನ್ನು ಬೇರೆ ಬೇರೆ ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು ಅಪ್ಪನ ಮಂಚದ ಹತ್ತಿರ ಕೂತಳು.

"ಅಪ್ಪಾ, ಏಳನೇ ಕ್ಲಾಸಲ್ಲಿ ನಾನೊಂದು ಕಳ್ಳಸಹಿ..."

"ಗಣಿತ. ಹದಿನೇಳು" ಅಂದರು ಅಪ್ಪ, ನಿಧಾನವಾಗಿ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೌಹಾರಿದಳು. "ಹದಿನೇಳಾ? ನನ್ನ ಹತ್ರ ಎಪ್ಪತ್ತೊಂದು ಅಂದಿದ್ಯಲ್ಲೇ!"

ಅಪ್ಪನ ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ತಡವರಿಸುತ್ತಾ, ನಡುನಡುವೆ ಉಸಿರು ತಗೊಂಡು ಹೇಳಿದರು: "ನಿಮ್ಮ ಮೇಷ್ಟ್ರು ಕರೆಸಿದ್ರು. ಇದು ನಿಮ್ಮ ಸಹಿನಾ ಅಂದ್ರು. ನಂದೇ ಅಂದೆ. ಹಾಗಾದ್ರೆ ಇನ್ನೊಂದ್ಸಲ ಹಾಕಿ ತೋರಿಸಿ ಅಂದ್ರು. ನಿಂದನ್ನ ನೋಡ್ಕೊಂಡು ಹಾಕ್ದೆ."

"ಆಮೇಲೆ?"

"ನಿನ್ನ ಮುಂದಿನ ಕಾರ್ಡಿಗೂ, ನಿಂಗೆ ಗೊತ್ತಾಗದ ಹಾಗೆ ಶಾಲೆಗೇ ಹೋಗಿ, ಹಾಗೇ ಹಾಕಬೇಕಾಯ್ತಲ್ಲ. ಬೇರೆ ಥರ ಹಾಕಿದ್ರೆ ನೀನು ಸಿಕ್ಕಿಬೀಳ್ತಿದ್ದೆ. ಹಾಕ್ತಾ ಹಾಕ್ತಾ ಕೈಗೆ ಅದೇ ರೂಢಿ ಆಯ್ತು. ಕುರ್ಚಿಗೂ ಅದೇ, ಮಂಚಕ್ಕೂ ಅದೇ."

"ಒಂದು ಮಾತು ಬಯ್ಯಲಿಲ್ವಲ್ಲ ಅಪ್ಪಾ ನೀವು!"

"ಬಯ್ಯೋಣ ಅಂತಾನೇ ಇದ್ದೆ. ಗೆರೆ ಚೆನ್ನಾಗಿತ್ತು."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷದ ಅಂಜಿಕೆಯೆಲ್ಲ ಕಣ್ಣೀರಾಗಿ ಇಳಿಯಿತು. ಅಮ್ಮ ಬಂದು ತಲೆ ಸವರಿ, "ಹದಿನೇಳಂತೆ!" ಅಂತ ಮತ್ತೊಮ್ಮೆ ಗೊಣಗಿದಳು. ಅತ್ತು ಮುಗಿದ ಮೇಲೆ ಗೆರೆಯಕ್ಕ ಎರಡು ಹಾಳೆಗಳನ್ನೂ ಅಪ್ಪನ ಮಡಿಲಲ್ಲಿ ಹರಡಿದಳು. "ಯಾವುದನ್ನ ಕೆತ್ತಲಿ?"

ಅಪ್ಪ ಎಡಗೈ ಬೆರಳನ್ನು ಸುತ್ತಿದ ಬಾಲದ ಮೇಲಿಟ್ಟರು. "ಇದು ನಂದು."

ಅಂದೇ ಸಂಜೆ ಅವರನ್ನು ಹಿಡಿದುಕೊಂಡು ಬಂದು ಕಿರ್ರೆನ್ನುವ ಕುರ್ಚಿಯಲ್ಲಿ ಕೂರಿಸಿದಳು. ತೊಟ್ಟಿಲಿನ ತಲೆಯ ಕಡೆಯ ಹಲಗೆ ಬಿಚ್ಚಿ ಮಷೀನಿಗಿಟ್ಟಳು. ಸಹಿಗೆ ಹತ್ತೊಂಬತ್ತೇ ಚುಕ್ಕಿ ಸಾಕಾಗಿತ್ತು. ಗೇಣುದ್ದದ ಸಹಿ, ಅಂಚಿನಲ್ಲಿ ಒಂದು ಮೆಟ್ಟಿಲಿಲ್ಲ. ಕೋಣೆ ತುಂಬ ಸುಟ್ಟ ಮರದ ವಾಸನೆ ಹರಡಿತು. ಅಪ್ಪ ರೆಪ್ಪೆ ಬಡಿಯದೆ ನೋಡಿದರು.

ಹಲಗೆ ಆರಿದ ಮೇಲೆ ಅದನ್ನು ಮಡಿಲಿಗೆ ತೆಗೆದುಕೊಂಡು, ಎಡಗೈ ಹೆಬ್ಬೆರಳನ್ನು ಮೊದಲ ಅಕ್ಷರದಿಂದ ಗೆರೆಯುದ್ದಕ್ಕೂ ಓಡಿಸಿ, ಸುತ್ತು ಬಳಸಿ, ಎರಡು ಚುಕ್ಕಿಗಳ ಮೇಲೆ ನಿಲ್ಲಿಸಿದರು.

"ಆಯ್ತು. ತೊಟ್ಟಿಲು ಹೋಗಲಿ" ಅಂದರು. "ನಿಮ್ಮಮ್ಮಂಗೆ ಹೇಳು, ಹಸಿವಾಗ್ತಿದೆ."