ಅಕ್ಕನ ಚಾಳೀಸು

ಗೆಳೆಯರೇ, ಇವತ್ತು ನಡೆದದ್ದನ್ನು ಬರೆದುಬಿಡುತ್ತೇನೆ.

ನನ್ನ ಮಗಳಿಗೆ ವಾರಗಳಿಂದ ನಿದ್ದೆಯಿಲ್ಲ. ಸುಮ್ಮನೆ ಕೂತರೂ ಎದೆ ಹೊಡೆದುಕೊಳ್ಳುತ್ತದೆ. ಇದು ಆತಂಕದ ಕಾಯಿಲೆ, ಮಾತುಕತೆ ಮತ್ತು ಗುಳಿಗೆಯಿಂದ ಗುಣವಾಗುತ್ತದೆ ಎಂದ ಸವಣೂರಿನ ಡಾಕ್ಟರು ಧಾರವಾಡದ ಮನೋವೈದ್ಯರ ಬಳಿ ಹೋಗಲು ಹೇಳಿದರು.

ಇವತ್ತು ಬೆಳಿಗ್ಗೆ ಹೊರಟಾಗ ಅವ್ವ ಬಾಗಿಲಲ್ಲೇ ತಡೆದಳು. "ಯಾರರ ಕೇಳಿದ್ರ ಕಣ್ಣು ತೋರ್ಸಾಕ ಹೊಂಟೇವಿ ಅಂತ ಹೇಳು. ಇಲ್ಲಂದ್ರ ಮಂದಿ ಹುಚ್ಚು ಅಂತಾರ."

ಎಂಬತ್ತರ ದಶಕದಲ್ಲಿ, ನಾವು ಹತ್ತಿಮತ್ತೂರಿನಲ್ಲಿದ್ದಾಗ, ಅವ್ವ ಇದೇ ಸುಳ್ಳು ಹೇಳಿ ಅಕ್ಕನನ್ನು ಧಾರವಾಡಕ್ಕೆ ಕರೆದೊಯ್ದಿದ್ದಳು. ಊಟ, ಮಾತು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಅಕ್ಕ ಗುಳಿಗೆಯಿಂದ ಚೇತರಿಸಿಕೊಂಡಳು. ಆದರೆ ಊರು ನಂಬಬೇಕಲ್ಲ! ನಂಬರಿಲ್ಲದ ಬರೀ ಗಾಜಿನ ಚಾಳೀಸು ಹಾಕಿಸಿಯೇ ಅವ್ವ ಅವಳನ್ನು ಊರೊಳಗೆ ಕರೆತಂದಳು. ಅದೇ ರೂಢಿಯಾಯಿತು. ಇಂದಿಗೂ ಓದುವಾಗ ಬೇರೆ ಕನ್ನಡಕ, ಮಂದಿಯೆದುರು ಈ ಚಾಳೀಸು.

ಒಳಗಿನಿಂದ ಬಂದ ಅಕ್ಕ ಅದನ್ನು ತೆಗೆದು ಅವ್ವನ ಕೈಯಲ್ಲಿಟ್ಟಳು.

"ನನ್ನ ಗುಳಿಗಿ ಡಾಕ್ಟರು ಎಂದೋ ಬಿಡಿಸಿದ್ರು ಬೇ. ಇದನ್ನ ನೀ ಯಾವಾಗ ಬಿಡಸ್ತಿ?"