ಧೂಳಿಗೆ ಬೆಲ್ಲ

ಯುಗಾದಿಗೆ ಇನ್ನೇನು ವಾರವಿದೆ ಎನ್ನುವಾಗ ಸಿಂಚನಾಳ ಹೊಸ ಶೂ ಬಂತು. ಡಬ್ಬಿ ತೆರೆದು ಶೂ ಕೊಡವಿದಾಗ ಒಳಗಿನಿಂದ ಉಪ್ಪಿನ ಪೊಟ್ಟಣದಂಥ ಸಣ್ಣದೊಂದು ಬಿಳಿ ಚೀಲ ನನ್ನ ಕಾಲ ಬುಡಕ್ಕೆ ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ, ಅಷ್ಟೇ.

“ಅಜ್ಜೀ, ತಿನ್ಬೇಡಿ!” ಎಂದು ಸಿಂಚನಾ ಕಿರುಚಿದಳು.

“ಅದು ಸಿಲಿಕಾ ಅಜ್ಜಿ. ತಿನ್ಬಾರ್ದು ಅಂತ ಮೇಲೇ ಬರ್ದಿದೆ ನೋಡಿ” ಎಂದು ತೇಜಸ್ ಓದಿ ತೋರಿಸಿದ.

ನೋಡಿ ಮಕ್ಕಳೇ, ಇಷ್ಟು ವರ್ಷ ನಿಮಗೆ ಬೇಯಿಸಿ ಬಡಿಸಿದ ಮುದುಕಿ ಶೂ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದು ನಿಮಗೆ ಅನಿಸಿದ್ದಾದರೂ ಹೇಗೆ? ಇದನ್ನು ಆಗ ಕೇಳಲಿಲ್ಲ. ನಾನು ಕೇಳುವವಳಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೂ ಕೊನೆಯ ಸಾಲಿನಲ್ಲಿ ಕೂತು ಓದಿದವಳು. ಮೇಷ್ಟ್ರ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಸ್ಲೇಟಿನ ಮೇಲೆ ಬರೆದುಕೊಂಡು, ಯಾರೂ ನೋಡುವ ಮೊದಲೇ ಅಂಗೈಯಿಂದ ಒರೆಸಿಬಿಡುತ್ತಿದ್ದೆ. ಹಾಗೆ ಒರೆಸಿದ ಮಾತುಗಳಿಗೆ ಲೆಕ್ಕವಿಲ್ಲ. ಇದೊಂದನ್ನು ಒರೆಸದೆ ಬಿಡುತ್ತಿದ್ದೇನೆ, ನಿಮಗಾಗಿ.

ಅವತ್ತು ಭಾನುವಾರ, ನಿಮ್ಮ ಹೊಸಮನೆ ತಾತನೂ ಇದ್ದರು. ಅವರು ನಿಮ್ಮ ಅಪ್ಪನ ಅಪ್ಪ, ನನಗೆ ಬೀಗರು; ಭಾನುವಾರದ ಊಟಕ್ಕೆ ಹೊಸಮನೆಯಿಂದ ನವುಲೆಯ ನಮ್ಮ ಮನೆಗೆ ಬಾರದೆ ಇರುವವರಲ್ಲ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿದೆ, ಅದೂ ಮೊಬೈಲಿನಲ್ಲಿ ಬರುವಷ್ಟು. ಪೊಟ್ಟಣ ಕಂಡದ್ದೇ ಅವರ ಮುಖ ಅರಳಿತು.

“ಬೀಗಿತ್ತಿಯವ್ರೇ, ಅದನ್ನ ಸಾಮಾನ್ಯ ಅನ್ಕೋಬೇಡಿ. ಸಿಲಿಕಾನ್ ಮನೆತನದ್ದು ಅದು!”

ಆಮೇಲೆ ಮನೆತನದ ಪರಿಚಯವಾಯಿತು, ಹೆಣ್ಣು ಕೊಡಲು ಬಂದವರಿಗೆ ಮಾಡಿಸುವಂತೆ. ಮಾಳಿಗೆಯ ಮೇಲಿನ ಸೋಲಾರ್ ಹಲಗೆ ಸಿಲಿಕಾನ್. ಮೊಬೈಲಿನ ಹೊಟ್ಟೆಯೊಳಗಿನ ಚಿಪ್ಪು ಸಿಲಿಕಾನ್. ಕಿಟಕಿಯ ಗಾಜು ಅದರ ತಮ್ಮ. ನಿಮ್ಮ ಅಮ್ಮ ಸುಮಾ ಕೇಕು ಬೇಯಿಸುವ, ಹಿಂಡಿದರೆ ಮಡಚಿಕೊಳ್ಳುವ ಆ ಅಚ್ಚು ಅದರ ಮಗಳು. ಸೋಗಾನೆಯಿಂದ ವಿಮಾನ ಏಳುತ್ತದಲ್ಲ, ಅದರ ತಲೆಯೊಳಗೂ ಅದೇ ಕೂತಿದೆಯಂತೆ.

“ಮೂಲದಲ್ಲಿ ಏನು ಹೇಳಿ? ಮರಳು! ಬೆಣಚುಕಲ್ಲು! ಮನುಷ್ಯ ಕಲ್ಲಿಗೆ ಬುದ್ಧಿ ಕಲಿಸ್ಬಿಟ್ಟ!” ಎಂದು ಅವರು ಮೇಜು ಕುಟ್ಟಿದರು.

ಕಲ್ಲಿಗೆ ಬುದ್ಧಿ ಕಲಿಸಿದ ಮನುಷ್ಯ ಉಂಡ ತಟ್ಟೆಯನ್ನು ಎತ್ತಿ ಸಿಂಕಿಗೆ ಹಾಕುವುದನ್ನು ಇನ್ನೂ ಕಲಿತಿಲ್ಲ. ಅವರ ತಟ್ಟೆ ತೆಗೆಯುತ್ತಾ ನಾನು ನನ್ನ ಕೈ ನೋಡಿಕೊಂಡೆ. ಗಾಜು ಕೂಡ ಆ ಮನೆತನದ್ದೇ ಆದರೆ, ನಿಮ್ಮ ಭದ್ರಾವತಿ ಅಜ್ಜ ಹೋದ ದಿನ ನನ್ನ ಕೈಯಿಂದ ಒಡೆದು ಉದುರಿಸಿದ ಹಸಿರು ಬಳೆಗಳೂ ಅದರವೇ. ಅಜ್ಜನನ್ನು ಕರೆದುಕೊಂಡು ಹೋದದ್ದು ಸಾಲದೆ ಬಳೆಯ ರೂಪದಲ್ಲೂ ಬಂದು ಕೂತಿತ್ತು ಎಂದಾಯಿತು.

ಬೆಣಚುಕಲ್ಲನ್ನು ನನಗೆ ಪರಿಚಯ ಮಾಡಿಸಲು ಬಂದರಲ್ಲ! ನಮ್ಮ ಹಳ್ಳಿಯ ಹೊಲದ ಬದುವಿನಲ್ಲಿ ಅದು ಕಲ್ಲುಸಕ್ಕರೆಯ ಹಾಗೆ ಬೆಳ್ಳಗೆ ಬಿದ್ದಿರುತ್ತಿತ್ತು. ಎರಡು ಕಲ್ಲು ಆರಿಸಿಕೊಂಡು, ಕಂಬಳಿಯೊಳಗೆ ತಲೆ ತೂರಿಸಿ ಒಂದಕ್ಕೊಂದು ಉಜ್ಜಿದರೆ ಒಳಗೇ ಮಿಂಚು ಹೊಳೆಯುತ್ತಿತ್ತು. ಸುಟ್ಟ ಕೂದಲಿನಂಥ ವಾಸನೆ ಬೇರೆ. ಅದನ್ನು ನೋಡಲು ನಾವು ದುಡ್ಡು ಕೊಟ್ಟಿರಲಿಲ್ಲ, ಅದನ್ನು ಚಾರ್ಜಿಗೆ ಹಾಕಬೇಕಾಗಿಯೂ ಇರಲಿಲ್ಲ. ಮದುವೆಯಾಗಿ ಭದ್ರಾವತಿಗೆ ಬಂದಾಗ, ಗಂಡನಿಗೆ ಬೆಣಚುಕಲ್ಲಿನ ಪುಡಿ ಮಿಲ್ಲಿನಲ್ಲಿ ಕೆಲಸ ಎಂದರು. ನನಗೆ ನಗು ಬಂದಿತ್ತು. ನಾವು ಆಡಿ ಎಸೆದ ಕಲ್ಲನ್ನು ಪುಡಿ ಮಾಡಿಸಲು ಸಂಬಳ ಕೊಡುವ ಹುಚ್ಚರೂ ಇದ್ದಾರಲ್ಲ ಎಂದು.

ಮಿಲ್ಲು ಊರಿನ ಅಂಚಿನಲ್ಲಿತ್ತು. ಈಗ ಅದರ ಗೋಡೆಯೂ ಉಳಿದಿಲ್ಲ. ಲಾರಿಯಲ್ಲಿ ಕಲ್ಲು ಬರುತ್ತಿತ್ತು, ಚೀಲದಲ್ಲಿ ಹಿಟ್ಟು ಹೋಗುತ್ತಿತ್ತು. ಕಬ್ಬಿಣ ಎರಕ ಹೊಯ್ಯುವವರಿಗೆ, ಗಾಜಿನವರಿಗೆ, ಪಾತ್ರೆ ತಿಕ್ಕುವ ಪುಡಿಯವರಿಗೆ. ಸಂಜೆ ನಿಮ್ಮ ಅಜ್ಜ ಮನೆಗೆ ಬರುವಾಗ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಆಗ ನಿಮ್ಮ ಅಮ್ಮ ಸುಮಾ ಪುಟ್ಟವಳು. ಬೀದಿಯ ತಿರುವಿನಲ್ಲೇ ಕಾದು ನಿಂತು, “ಅಮ್ಮಾ, ಅಪ್ಪ ಮುದುಕ ಆಗ್ಬಂದ” ಎಂದು ಕೂಗಿಕೊಂಡು ಓಡಿ ಬರುತ್ತಿದ್ದಳು. ನಾನು ಎರಡು ಕೊಡ ನೀರು ಹಾಕಿ ಅವರನ್ನು ಮತ್ತೆ ಹರೆಯದವರನ್ನಾಗಿ ಮಾಡುತ್ತಿದ್ದೆ. ಒಳಗೆ ಹೋದ ಧೂಳಿಗೆ ನೀರು ಹಾಕುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವುದು ತಪ್ಪು. ಎಲ್ಲರಿಗೂ ಗೊತ್ತಿತ್ತು: ಧೂಳಿಗೆ ಬೆಲ್ಲ. ಕೆಲಸ ಬಿಡುವ ಹೊತ್ತಿಗೆ ಮೇಸ್ತ್ರಿ ಬಾಗಿಲ ಹತ್ತಿರ ಕೂತು ಅಚ್ಚುಬೆಲ್ಲ ಒಡೆದು, ಒಬ್ಬೊಬ್ಬರ ಕೈಗೂ ಒಂದೊಂದು ತುಂಡು ಕೊಡುತ್ತಿದ್ದ. ಕುಡಿದ ಧೂಳನ್ನೆಲ್ಲ ಬೆಲ್ಲ ಅಂಟಿಸಿಕೊಂಡು ಹೊಟ್ಟೆಗೆ ಇಳಿಸುತ್ತದೆ, ಅಲ್ಲಿಂದ ಅದರ ದಾರಿ ಅದು ನೋಡಿಕೊಳ್ಳುತ್ತದೆ ಎಂದು ನಂಬಿಕೆ. ಮೂಗಿಗೆ ಕಟ್ಟಿಕೊಳ್ಳಲು ಒಂದು ತುಂಡು ಬಟ್ಟೆ ಕೊಡಲಿಲ್ಲ. ಧೂಳು ಏಳದಂತೆ ನೀರು ಹೊಡೆಸಲಿಲ್ಲ. ನೀರು ಬಿದ್ದರೆ ಪುಡಿ ಮುದ್ದೆಯಾಗುತ್ತದೆಯಂತೆ, ಪಾಪ, ಪುಡಿಗೆ ತೊಂದರೆ! ಆದರೆ ಬೆಲ್ಲ ಮಾತ್ರ ತಪ್ಪಿಸಲಿಲ್ಲ ಸಾಹುಕಾರರು. ಒಮ್ಮೆ ಬೆಲ್ಲದ ಗಾಡಿ ಬಾರದೆ ಹೋದಾಗ ಆಳುಗಳೆಲ್ಲ ಯಂತ್ರ ನಿಲ್ಲಿಸಿ ಕೂತರಂತೆ. ಹಾಗೆ ಜಗಳವಾಡಿ ಗೆದ್ದುಕೊಂಡು ಬಂದದ್ದೇನು? ಬೆಲ್ಲ. ನನ್ನ ಗಂಡನೂ ಆ ಗೆಲುವನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದರು, ಅವರ ಜಾಣತನಕ್ಕೆ ಏನನ್ನಲಿ.

ತಾವು ಹೋರಾಡಿ ತಂದ ಆ ಬೆಲ್ಲವನ್ನು ಅವರು ತಿನ್ನುತ್ತಿರಲಿಲ್ಲ. ಬುತ್ತಿ ಡಬ್ಬಿಯ ಮೇಲಿನ ಪುಟ್ಟ ಬಟ್ಟಲಿನಲ್ಲಿ ಪೇಪರಿನ ಚೂರಿಗೆ ಸುತ್ತಿ ತರುತ್ತಿದ್ದರು. ಸುಮಾ ಡಬ್ಬಿ ಕಿತ್ತುಕೊಂಡು ಹೊಸ್ತಿಲ ಮೇಲೆ ಕೂತು ಅದನ್ನು ಕರಗುವವರೆಗೂ ಚೀಪುತ್ತಿದ್ದಳು.

“ನಿಮ್ ಪಾಲಿಂದು ತಿನ್ನಬಾರ್ದಾ?” ಎಂದರೆ, “ಮೇಸ್ತ್ರಿ ನಂಗೆ ಎರಡು ಕೊಡ್ತಾನೆ ಮಾರಾಯ್ತಿ. ಒಂದು ಅಲ್ಲೇ ನುಂಗ್ದೆ” ಎನ್ನುತ್ತಿದ್ದರು. ಮೇಸ್ತ್ರಿಯ ಕೈ ಎಷ್ಟು ಬಿಗಿಯೆಂದು ಇಡೀ ಬೀದಿಗೆ ಗೊತ್ತಿತ್ತು. ಆದರೂ ನಾನು ನಂಬಿದೆ. ಅಷ್ಟು ಸೊಗಸಾಗಿ ಸುಳ್ಳು ಹೇಳುತ್ತಿದ್ದರು ನಿಮ್ಮ ಅಜ್ಜ.

ಕೆಮ್ಮು ಬಂತು. ಹೋಗಲಿಲ್ಲ. ಮೊದಲು ಏರಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದವರು, ಆಮೇಲೆ ನಡುಮನೆಯಲ್ಲೇ ನಿಲ್ಲತೊಡಗಿದರು. ಶಿವಮೊಗ್ಗದಲ್ಲಿ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, “ಕಲ್ಲಿನ ಧೂಳಮ್ಮ. ಕೆಲಸ ಬಿಡಿಸಿ” ಎಂದರು. ಬಿಡಿಸಿದೆವು. ಸಾಹುಕಾರರು ಸುಮ್ಮನೆ ಕೂರಲಿಲ್ಲ, ಆಳಿನ ಕೈಲಿ ಒಂದು ದೊಡ್ಡ ಬೆಲ್ಲದ ಪೆಂಟೆ ಕಳಿಸಿದರು! ನಾನು ಅದನ್ನು ಹಿಂದಿನ ಮನೆಯವರ ಎಮ್ಮೆಗೆ ತಿನ್ನಿಸಿದೆ. ಎಮ್ಮೆ ಬಹಳ ಚೆನ್ನಾಗಿ ಉಸಿರಾಡಿಕೊಂಡಿತ್ತು.

ಜೊತೆಯ ಕೆಲಸದವರು ನೋಡಲು ಬಂದಾಗ ಒಬ್ಬರು ಸಂಕಟದಿಂದಲೇ ಅಂದರು: “ಇವ್ನು ಒಂದಿನಾನೂ ಬೆಲ್ಲ ಬಾಯಿಗೆ ಹಾಕ್ಲಿಲ್ಲಕ್ಕ. ಮಗಳಿಗೆ ಅಂತ ಇಟ್ಕೊಳ್ಳೋನು.” ಆ ಮಾತು ಅಲ್ಲೇ ಕೂತಿದ್ದ ನನ್ನ ಅತ್ತಿಗೆಯ, ಅಂದರೆ ಅಜ್ಜನ ಅಕ್ಕನ ಕಿವಿಗೆ ಬಿತ್ತು. ಅತ್ತಿಗೆಗೆ ಯಾವ ಮಾತನ್ನು ಯಾವಾಗ ಬಡಿಸಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಕಾದರು. ಅಜ್ಜ ಹೋಗಿ, ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಸುಮಾ ಹೋಳಿಗೆಗೆ ಕೈ ಹಾಕಿದಾಗ ಬಡಿಸಿದರು.

“ತಿನ್ನು ತಿನ್ನು. ಅಪ್ಪನ ಪಾಲಿನ ಬೆಲ್ಲ ತಿಂದೇ ಬೆಳೆದೋಳಲ್ವಾ ನೀನು! ಅದು ಅವನ ಹೊಟ್ಟೆಗೆ ಹೋಗಿದ್ರೆ ಇವತ್ತು ಈ ಎಲೆ ಹಾಕೋ ಹಾಗೇ ಇರ್ಲಿಲ್ಲ.”

ಸಾಲಿನಲ್ಲಿ ಕೂತಿದ್ದ ದೊಡ್ಡ ದೊಡ್ಡ ಮನುಷ್ಯರು ಬಗ್ಗಿ ಸಾರನ್ನ ಕಲಸಿಕೊಂಡರು. ಮಗು ಮುರಿದ ಹೋಳಿಗೆಯ ಚೂರನ್ನು ಎಲೆಯ ತುದಿಗೆ ಇಟ್ಟಿತು, ಉಪ್ಪಿನ ಪಕ್ಕಕ್ಕೆ. ಅಂದಿನಿಂದ ಅವಳು ಬೆಲ್ಲ ತಿಂದಿಲ್ಲ. “ಹಾಗೇನಿಲ್ಲ ಕಣೇ, ಅತ್ತೆ ಬಾಯಿಗೆ ಬಂದದ್ದು ಮಾತಾಡ್ತಾರೆ” ಎಂದು ಎಷ್ಟು ಸಲ ಹೇಳಿದೆನೋ. “ನಿಂಗೆ ಹೇಗೆ ಗೊತ್ತು?” ಎಂದು ಒಂದೇ ಸಲ ಕೇಳಿದಳು. ಏಳನೆಯ ತರಗತಿಯವಳಿಗೆ ಹೇಗೆ ಗೊತ್ತಿರಬೇಕು? ಬೆಲ್ಲ ಧೂಳನ್ನು ತೆಗೆಯುತ್ತದೆ ಎಂದು ಇಡೀ ಊರೇ ಹೇಳುತ್ತಿತ್ತಲ್ಲ.

ನಿಮ್ಮ ಅಮ್ಮನಿಗೆ ಸಿಹಿ ಸೇರುವುದಿಲ್ಲ ಎಂದು ನೀವು ತಿಳಿದಿದ್ದೀರಿ. ಯುಗಾದಿಯಲ್ಲಿ ಬೇವು ಬೆಲ್ಲದ ತಟ್ಟೆ ಬಂದರೆ ಬರೀ ಬೇವಿನ ಎಸಳು ಆರಿಸಿ ತಿನ್ನುತ್ತಾಳೆಂದು ನಗುತ್ತೀರಿ. ಹೊಸಮನೆ ತಾತ ಅದಕ್ಕೂ ಒಂದು ವಿಜ್ಞಾನ ಹುಡುಕಿ, “ಸುಮಾ ಮೊದ್ಲಿಂದ್ಲೂ ಆರೋಗ್ಯದ ಕಡೆ ಗಮನ” ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಊಟವಾದ ಮೇಲೆ ನಿಮ್ಮ ಅಪ್ಪ ಸೋಲಾರ್ ಹಲಗೆಗಳನ್ನು ಒರೆಸಲು ಮಾಳಿಗೆ ಹತ್ತಿದರು. ಕಲ್ಲಿಗೆ ಬುದ್ಧಿ ಬಂದರೂ ತನ್ನ ಮೈಮೇಲಿನ ಧೂಳು ಒರೆಸಿಕೊಳ್ಳುವಷ್ಟು ಬಂದಿಲ್ಲ ನೋಡಿ. ಕೆಮ್ಮುತ್ತಾ ಇಳಿದು ಬಂದ ಮಗನನ್ನು ಕಂಡು ತಾತ ಅಡುಗೆಮನೆಯ ಕಡೆ ಕೂಗಿದರು:

“ಸುಮಾ, ಒಂದು ಚೂರು ಬೆಲ್ಲ ತಾರಮ್ಮ. ಧೂಳು ಕುಡಿದ್ಮೇಲೆ ಬೆಲ್ಲ ತಿಂದ್ರೆ ಎದೆ ತೊಳೆದ ಹಾಗೆ. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು.”

ಸುಮಾ ಬರಲಿಲ್ಲ. ಬಾಗಿಲಿನಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ರಾತ್ರಿಗೆಂದು ಸಾರು ಕುದಿಸುತ್ತಿದ್ದ ಕೈಯಲ್ಲಿ ಸೌಟು ಹಾಗೇ ನಿಂತಿತ್ತು.

“ಏನೇನೋ ಹೇಳ್ಬೇಡಿ ತಾತ” ಎಂದೆ ಸಿಂಚನಾ ನೀನು, ಫೋನು ಎತ್ತಿಕೊಂಡು ಅದನ್ನೇ ಕೇಳಿದೆ. ತಾತನನ್ನು ಸೋಲಿಸುವುದೆಂದರೆ ನಿನಗೆ ಎಲ್ಲಿಲ್ಲದ ಹುರುಪು. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ, ಎರಡರ ದಾರಿಯೂ ಬೇರೆ ಎಂದು ಫೋನಿನೊಳಗಿನ ಹೆಂಗಸಿನ ದನಿ ಪುಸ್ತಕದ ಕನ್ನಡದಲ್ಲಿ ಹೇಳಿತು.

“ನೋಡಿ ತಾತ, ನಿಮ್ಮ ಸಿಲಿಕಾನೇ ನಿಮ್ಮ ಮಾತು ಸುಳ್ಳು ಅಂತಿದೆ!” ನೀವೆಲ್ಲ ನಕ್ಕಿರಿ.

ಆಗ ನಿಮ್ಮ ಅಮ್ಮ ಹೊರಗೆ ಬಂದಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. “ಸಿಂಚು, ಇನ್ನೊಂದ್ಸಲ ಕೇಳು. ಕಲ್ಲಿನ ಧೂಳಿಗೆ? ದಿನಾ ತಿಂದ್ರೆ?”

ನೀನು ಕೇಳಿದೆ. ಕಲ್ಲಿನ ಧೂಳು ಒಮ್ಮೆ ಶ್ವಾಸಕೋಶದಲ್ಲಿ ಕೂತರೆ ತಿನ್ನುವ ಯಾವ ಪದಾರ್ಥವೂ ಅದನ್ನು ಹೊರಗೆ ತೆಗೆಯಲಾರದು ಎಂದಿತು ಅದು. “ಬೆಲ್ಲಾನೂ?” ಎಂದಳು ಸುಮಾ. ಈ ಸಲ ಫೋನಿಗೆ ಅವಳೇ ಬಾಗಿ ಕೇಳಿದ್ದಳು. ಬೆಲ್ಲವೂ ಇಲ್ಲ ಎಂದಿತು.

“ಇವಕ್ಕೇನು ಗೊತ್ತು, ಕಲ್ಲಿನ ಚೂರು” ಎಂದರು ತಾತ. ಊಟದ ಹೊತ್ತಿಗೆ ಬುದ್ಧಿ ಕಲಿತಿದ್ದ ಕಲ್ಲು ಸಂಜೆಗೆ ಮೊದಲೇ ಬರೀ ಚೂರಾಗಿತ್ತು. ಸುಮಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಒಳಗೆ ಹೋಗಿ ಒಲೆ ಆರಿಸಿದಳು.

ಸಾಹುಕಾರರಿಗೂ ನನ್ನ ಅತ್ತಿಗೆಗೂ ಈ ದನಿ ಕೇಳಿಸಬೇಕಿತ್ತು. ಅವರಿಬ್ಬರೂ ಈಗಿಲ್ಲ. ಇದ್ದಿದ್ದರೆ ಫೋನು ಒಯ್ದು ಅತ್ತಿಗೆಯ ಕಿವಿಗೆ ಹಿಡಿಯುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ. ಹಿಡಿಯುತ್ತಿದ್ದೆನೇ? ಅವರಿಗೆ ಕಾಫಿ ಕೊಟ್ಟು, ಸ್ಲೇಟು ಒರೆಸಿಕೊಂಡು ಬರುತ್ತಿದ್ದೆ. ಶೂವಿನ ಜೊತೆ ಬರುವ ಪೊಟ್ಟಣದ ಮೇಲೆ ತಿನ್ನಬಾರದು ಎಂದು ಬರೆಯುವಷ್ಟು ದಾಕ್ಷಿಣ್ಯ ಇರುವ ಲೋಕ ಇದು. ಆ ಮಿಲ್ಲಿನ ಬಾಗಿಲ ಮೇಲೆ ಉಸಿರಾಡಬಾರದು ಎಂದು ಯಾರೂ ಬರೆದಿರಲಿಲ್ಲ.

ಇವತ್ತು ಯುಗಾದಿ. ಬೆಳಿಗ್ಗೆ ಬೇವು ಬೆಲ್ಲದ ತಟ್ಟೆ ಬಂದಾಗ, ಪಂಚಾಂಗವೂ ಈಗ ಮೊಬೈಲಿನಲ್ಲೇ ಬರುವುದರ ಬಗ್ಗೆ ತಾತ ಹೇಳುತ್ತಿದ್ದರು. ನೀವಿಬ್ಬರೂ ಬೇವನ್ನು ಎಲ್ಲಿ ಅಡಗಿಸಿ ಉಗುಳುವುದೆಂದು ನೋಡುತ್ತಿದ್ದಿರಿ. ಹಾಗಾಗಿ ನಿಮಗೆ ಕಾಣಲಿಲ್ಲ. ನಿಮ್ಮ ಅಮ್ಮ ಎಸಳು ಆರಿಸಲಿಲ್ಲ. ದೊಡ್ಡದೊಂದು ಬೆಲ್ಲದ ತುಂಡು ಎತ್ತಿ ಬಾಯಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಹೊಸ್ತಿಲ ಮೇಲೆ ಕೂರುತ್ತಿದ್ದ ಹಾಗೆಯೇ, ಮೊಣಕಾಲು ಎತ್ತಿಕೊಂಡು. ಕೆನ್ನೆ ಒಂದು ಕಡೆ ಉಬ್ಬಿತ್ತು, ಒದ್ದೆಯಾಗಿತ್ತು. ಅಗಿಯುತ್ತಿರಲಿಲ್ಲ, ಚೀಪುತ್ತಿದ್ದಳು.

“ಅಮ್ಮಾ, ಈ ಬೆಲ್ಲ ಉಪ್ಪುಪ್ಪು ಇದೆ ಅಲ್ವಾ?” ಎಂದಳು ಬೆಲ್ಲವನ್ನು ಇನ್ನೊಂದು ಕೆನ್ನೆಗೆ ಸರಿಸಿ. “ಅಪ್ಪ ತರ್ತಿದ್ದಿದ್ದು ಹೀಗಿರ್ಲಿಲ್ಲ.”

“ಅಂಗಡಿಯವ್ನು ಏನೋ ಬೆರೆಸಿದ್ದಾನೆ ಮಾರಾಯ್ತಿ. ಉಗುಳು ಬೇಕಾದ್ರೆ” ಎಂದೆ.

ಅವಳು ಉಗುಳಲಿಲ್ಲ.