ಜರ್ಮನಿಯ ಕಾಗದಕ್ಕೆ ಶನಿವಾರದ ಪೂಜೆ

ನಮ್ಮ ಬಾಸು ನನ್ನನ್ನ ‘ಅಕ್ಕಾ’ ಅಂದರೆ ಸಾಕು, ನನಗೆ ಅನುಮಾನ ಶುರು. ಬೇರೆ ದಿನವೆಲ್ಲ ಹೆಸರು ಹಿಡಿದೇ ಕರೆಯೋ ಮನುಷ್ಯ. ಹಾಸನದ ಕಡೆಯವರು, ನನಗಿಂತ ಚಿಕ್ಕವರು, ಮಾತು ಬೆಣ್ಣೆ. “ಅಕ್ಕಾ, ಶನಿವಾರ ಬೆಳಗ್ಗೆ ಎಂಟಕ್ಕೆ ಆಫೀಸಲ್ಲಿ ಚಿಕ್ಕದೊಂದು ಪೂಜೆ, ಬರಲೇಬೇಕು” ಅಂದರು. ಸಾಲದು ಅಂತ ಹೆಂಡತಿಯನ್ನೂ ನಮ್ಮ ಅಪಾರ್ಟ್‌ಮೆಂಟಿಗೆ ಕಳಿಸಿದರು. ಆಕೆ ಕುಂಕುಮ ಕೊಟ್ಟು ಕರೆದ ಮೇಲೆ ಬರಲ್ಲ ಅನ್ನೋಕಾಗುತ್ತಾ? ಬೇಕಂತಲೇ ಮಾಡಿದ್ದು ಅಂತ ನನಗೆ ಆಗಲೇ ಅನ್ನಿಸಿತ್ತು.

ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ನಮ್ಮದು ಪುಟ್ಟ ಕಂಪನಿ. ಕೆಲಸಕ್ಕೆ ಬಂದ ಅರ್ಜಿಗಳನ್ನು ಓದಿ, ಯಾರು ಬೇಕು ಯಾರು ಬೇಡ ಅಂತ ಜರಡಿ ಹಿಡಿಯೋ ಎಐ ಸಾಫ್ಟ್‌ವೇರು. ಅದರ ಟೆಸ್ಟಿಂಗು ನನ್ನ ಜವಾಬ್ದಾರಿ. ಇಲ್ಲಿ ಇಂಥ ಕಂಪನಿ ಬೀದಿಗೆ ಹತ್ತು. ಜರ್ಮನಿಯಲ್ಲಿ ಜಾಗ ಇನ್ನೂ ಖಾಲಿ, ಅಲ್ಲಿನ ಕಾನೂನಿಗೆ ಒಪ್ಪೋ ಕಾಗದ ಹಿಡಿದು ಮೊದಲು ಹೋದವನದೇ ಮಾರ್ಕೆಟ್ಟು ಅಂತ ಬಾಸು ಆರು ತಿಂಗಳಿಂದ ಜಪ ಮಾಡ್ತಿದ್ದರು.

ಶನಿವಾರ ಹೋದೆ. ಮೀಟಿಂಗ್ ಟೇಬಲ್ ಮೇಲೆ ಗಣಪತಿ. ಹೊಗೆಗೆ ಅಲಾರಂ ಹೊಡೆದುಕೊಂಡೀತು ಅಂತ ಬ್ಯಾಟರಿ ದೀಪ. ತೆಂಗಿನಕಾಯಿ ಒಡೆದದ್ದು ಪ್ಯಾಂಟ್ರಿಯ ಸಿಂಕಿನಲ್ಲಿ. ನನ್ನ ಟೀಮಿಗೆ ಹೊಸದಾಗಿ ಸೇರಿದ್ದ ಮಂಡ್ಯದ ಹುಡುಗಿ ಹೂವು ಜೋಡಿಸುತ್ತಿದ್ದಳು. ಬಾಸಿನ ತಾಯಿ ಕುರ್ಚಿಯಲ್ಲಿ ಕೂತಿದ್ದರು. ದೇವರ ಮುಂದೆ ಅರಿಶಿನ ಕುಂಕುಮ ಹಚ್ಚಿದ ಒಂದು ಫೈಲು.

ಮಂಗಳಾರತಿ ಆಗುತ್ತಲೇ ಬಾಸು ಫೈಲು ನನ್ನ ಕೈಗಿಟ್ಟರು. “ನಿಮ್ಮ ಕೈಗುಣ ಒಳ್ಳೇದು ಅಕ್ಕಾ, ಮೊದಲ ಸೈನು ನಿಮ್ಮದೇ. ಒಂಬತ್ತಕ್ಕೆ ರಾಹುಕಾಲ, ಬೇಗ ಬೇಗ.”

ಓದಿದೆ. ಜರ್ಮನಿಗೆ ಕಳಿಸೋ ಕಾಗದ. ‘ಸಾಫ್ಟ್‌ವೇರು ಬೇಡವೆಂದ ಪ್ರತಿಯೊಂದು ಅರ್ಜಿಯನ್ನೂ ಒಬ್ಬ ಮನುಷ್ಯ ತೆರೆದು ಓದುತ್ತಾನೆ. ಇದನ್ನು ಪರೀಕ್ಷಿಸಿ ನೋಡಿದ್ದೇನೆ.’ ಓದೋದು ಯಾರು, ನಮ್ಮಪ್ಪನಾ? ನಮ್ಮ ಸಾಫ್ಟ್‌ವೇರಿನಲ್ಲಿ ಬೇಡವಾದ ಅರ್ಜಿಗಳ ಪಟ್ಟಿಯ ಕೊನೆಯಲ್ಲಿ ಒಂದು ಬಟನ್ನು. ಒತ್ತಿದರೆ ಅಷ್ಟೂ ‘ಓದಲಾಗಿದೆ’. ಒಂದನ್ನೂ ತೆರೆಯಬೇಕಿಲ್ಲ. ಇದು ಸರಿಯಿಲ್ಲ ಅಂತ ನಾನೇ ಎರಡು ಸಲ ಬರೆದು ಕೊಟ್ಟಿದ್ದೆ. ಅಲ್ಲೆಲ್ಲೋ ಯಾರೋ ಒಬ್ಬಳು ಕೆಲಸಕ್ಕಾಗಿ ಕಾದಿರ್ತಾಳೆ, ಅವಳ ಅರ್ಜಿಯನ್ನು ಯಾರೂ ನೋಡಿರಲ್ಲ, ನೋಡಿದ್ದಾರೆ ಅಂತ ನಾನು ದೇವರ ಎದುರಿಗೆ ಬರೆದು ಕೊಡಬೇಕು. ಮೈಯೆಲ್ಲ ಉರಿದುಹೋಯಿತು.

ಆದರೆ ಬಾಯಿಗೆ ಬಂದದ್ದು, “ಕನ್ನಡಕ ಕಾರಲ್ಲಿದೆ, ತರ್ತೀನಿ.” ಮೆಟ್ಟಿಲು ಇಳಿದು, ಪಾರ್ಕಿಂಗಿನಲ್ಲಿ ಎರಡು ಸುತ್ತು ಹೊಡೆದೆ. ವಾಪಸು ಬಂದು ಮೊದಲನೇ ಪುಟದಿಂದ ಬೆರಳಿಟ್ಟು ಓದತೊಡಗಿದೆ. ಬಾಸು ಗಡಿಯಾರ ನೋಡಿದರು, ಕೆಮ್ಮಿದರು, “ಎಲ್ಲಾ ಲಾಯರು ನೋಡಿದ್ದಾರೆ ಅಕ್ಕಾ” ಅಂದರು. ನಾನು ಪುಟ ತಿರುವಿದೆ.

“ಏಯ್, ಒಂಬತ್ತಾಯ್ತು ಕಣೋ! ಈಗ ಯಾರೂ ಪೆನ್ನು ಮುಟ್ಬೇಡಿ” ಅಂದರು ತಾಯಿ. ಅವರ ಮಾತು ಮೀರೋ ಧೈರ್ಯ ಬಾಸಿಗೂ ಇರಲಿಲ್ಲ. ಫೈಲು ಮುಚ್ಚಿತು. ನಾನು ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನನ್ನಂಥ ಜಾಣೆ ಯಾರಿದ್ದಾರೆ ಅಂತ ಒಳಗೊಳಗೇ ಬೀಗಿದೆ.

ಸೋಮವಾರ ಫೈಲು ನನ್ನ ಹತ್ತಿರ ಬರಲೇ ಇಲ್ಲ. ಮಧ್ಯಾಹ್ನದವರೆಗೂ ಬಾಸು ನನ್ನ ಮುಖ ನೋಡಲಿಲ್ಲ. ಊಟದ ಹೊತ್ತಿಗೆ ಮಂಡ್ಯದ ಹುಡುಗಿ ಡಬ್ಬಿ ಹಿಡಿದು ನಗುನಗುತ್ತಾ ಬಂದಳು.

“ಮೇಡಂ, ನಿನ್ನೆ ನನ್ನನ್ನ ಮನೆಗೇ ಕರೆದು ಜರ್ಮನಿ ಕಾಗದಕ್ಕೆ ಸೈನು ಹಾಕಿಸಿದ್ರು. ಬಂದು ಎರಡು ತಿಂಗಳಾಗಿಲ್ಲ, ಎಷ್ಟು ಮರ್ಯಾದೆ ಅಲ್ವಾ?”

“ಓದಿದೆಯೇನೇ ಅದನ್ನ?”

“ಇಲ್ಲ. ಶನಿವಾರ ನೀವು ಅಷ್ಟು ಹೊತ್ತು ಕೂತು ಓದಿದ್ರಲ್ಲ. ತಪ್ಪಿದ್ದಿದ್ರೆ ನೀವೇ ಹೇಳ್ತಿದ್ರಿ ಅಂದ್ಕೊಂಡೆ.”